ಜೀಪಿನ ಸಪ್ಪಳ

ಹೊಲದ ದಾರಿಯ ಕೊರಕಲಿಗೆ ಹೊಟ್ಟೆ ತಾಗುತ್ತದೆಂದು ನನ್ನ ಹಳೇ ಜೀಪನ್ನು ಎತ್ತರ ಮಾಡಿಸಿದ್ದು 1998ರ ಮುಂಗಾರಿನಲ್ಲಿ, ಹಾವೇರಿ ಜಿಲ್ಲೆಯಾದ ಮರುವರ್ಷ. ಪಾಟಾ ಹೆಚ್ಚಿಗೆ ಹಾಕಿಸಿಕೊಂಡು ಕದರಮಂಡಲಗಿಗೆ ಮರಳಿದಾಗ ಜೀಪಿಗೆ ಗತ್ತು ಬಂದಿತ್ತು. ಬೆನ್ನಿಗೇ ಸಪ್ಪಳವೂ ಬಂತು. ಒಮ್ಮೆ ಕಿರ್ರ್, ಒಮ್ಮೆ ಠಕ್. ಓಣಿಯವರೆಲ್ಲ ತಜ್ಞರಾದರು. ಒಬ್ಬರು ಬೇರಿಂಗ್ ಎಂದರು, ಇನ್ನೊಬ್ಬರು ಗೇರ್‌ಬಾಕ್ಸ್. ನನ್ನ ಚಿಂತೆಯೇ ಬೇರೆ. ಶ್ರಾವಣದಲ್ಲಿ ನಮ್ಮೂರ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರ ದರ್ಶನವನ್ನೂ ಒಂದೇ ದಿನ ಮಾಡಿಸುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ಊರಿನ ಮಿಸ್ತ್ರಿ ಜೀಪಿನ ಕೆಳಗೆ ಮಲಗಿದ. 'ಕಿವಿ ಮೋಸ ಮಾಡತೈತ್ರಿ ಮಾಸ್ತರ, ಸಪ್ಪಳ ಚಾಸಿ ತುಂಬ ಓಡಾಡತೈತಿ. ನೀವು ಅಲುಗಾಡಸ್ರಿ, ನಾ ಕೈಯಿಟ್ಟು ನೋಡತೀನಿ' ಎಂದ. ಕಿರ್ರ್ ಎನ್ನುತ್ತಿದ್ದುದು ಪಾಟಾದ ಬುಶ್. ಗಾಲಿ ಜೋತಾಡುತ್ತಿದ್ದಾಗಲೇ ಅದನ್ನು ಬಿಗಿದುಬಿಟ್ಟಿದ್ದರು. ಸಡಿಲಿಸಿ, ಜೀಪನ್ನು ನೆಲಕ್ಕಿಳಿಸಿ, ಭಾರ ಕೂತ ಮೇಲೆ ಬಿಗಿದ. ಯು-ಬೋಲ್ಟ್‌ಗಳೂ ಸಡಿಲಾಗಿದ್ದವು. ಹೊಸ ಪಾಟಾ ಕೂತುಕೊಂಡ ಮೇಲೆ ಮತ್ತೊಮ್ಮೆ ಬಿಗಿಯದಿದ್ದರೆ ಆಕ್ಸಲ್ಲೇ ಜಾಗ ಬಿಟ್ಟೀತು ಎಂದಾಗ ನನ್ನ ಎದೆ ಧಸಕ್ಕೆಂದಿತು. ಹದಿನೈದು ದಿನ ಹಾಗೇ ಓಡಿಸಿದ್ದೆನಲ್ಲ!

ಠಕ್ ಮಾತ್ರ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅವ್ವ ಅಂದಳು: 'ಗೊಬ್ಬರದ ಚೀಲ ಹೇರಿದಾಗ ಬಡಿಯೂದಿಲ್ಲಲ್ಲೋ.' ಮಿಸ್ತ್ರಿ ಹಣೆ ಬಡಿದುಕೊಂಡ. ಹಳೇ ಶಾಕ್ ಅಬ್ಸಾರ್ಬರ್ ಹೊಸ ಎತ್ತರಕ್ಕೆ ಸಾಲದೆ, ಖಾಲಿ ಜೀಪಿನ ಗಾಲಿ ತಗ್ಗಿಗಿಳಿದಾಗಲೆಲ್ಲ ಪೂರ್ತಿ ಚಾಚಿ ಬಡಿಯುತ್ತಿತ್ತು. ಉದ್ದನೆಯವನ್ನು ತರಿಸಿದೆವು.

ಶ್ರಾವಣ ಶನಿವಾರ ನಸುಕಿನಲ್ಲಿ ಹೊರಟಾಗ ಅವ್ವ ಜೀಪಿನ ಮುಂದೆ ನಿಂತೇ ಇದ್ದಳು. ಕಾಲು ಅಷ್ಟೆತ್ತರ ಏಳುತ್ತಿರಲಿಲ್ಲ. ಒಳಗೆ ಹೋಗಿ ಸ್ಟೂಲು ತಂದಿಟ್ಟೆ.