ಕರ್ಪೂರದ ನೆಂಟರು

ಮನೆಯಲ್ಲಿ ಮಂಗಳಾರತಿ ಆದಾಗಲೆಲ್ಲ ನನಗೆ ದೇವರ ಜೊತೆಗೆ ಕೀಟೋನೂ ನೆನಪಾಗುತ್ತದೆ. ಭಕ್ತಿ ಕಡಿಮೆ ಅಂತಲ್ಲ, ಮಾಡಿದ ಕೆಲಸದ ದೋಷ. ಆಸ್ಪತ್ರೆಯ ಲ್ಯಾಬಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳಿಗೆ ಕರ್ಪೂರ ಕಂಡರೆ ಅದರ ಅಣುವೂ ಕಣ್ಣ ಮುಂದೆ ಬರುತ್ತದೆ: 10 ಇಂಗಾಲ, 16 ಜಲಜನಕ, ಒಂದೇ ಒಂದು ಆಮ್ಲಜನಕ. ಆ ಒಂಟಿ ಆಮ್ಲಜನಕ ಕೂತಿರುವ ಜಾಗದಿಂದಾಗಿ ಕರ್ಪೂರವೂ ಒಂದು ಕೀಟೋನ್.

ನಿಯಮ ದೊಡ್ಡದೇನಲ್ಲ. ಒಂದು ಇಂಗಾಲಕ್ಕೆ ಆಮ್ಲಜನಕ ಜೋಡಿ ಬಂಧದಲ್ಲಿ ಅಂಟಿಕೊಂಡಿರಬೇಕು; ಆ ಇಂಗಾಲದ ಎರಡೂ ಮಗ್ಗುಲಲ್ಲಿ ಮತ್ತೆ ಇಂಗಾಲವೇ ಇರಬೇಕು. ಒಂದು ಮಗ್ಗುಲಿಗೆ ಜಲಜನಕ ಬಂತೋ, ಅದು ಅಲ್ಡಿಹೈಡ್ ಆಗಿಬಿಡುತ್ತದೆ. ಇಷ್ಟಕ್ಕೆ ಒಳಪಟ್ಟವರನ್ನೆಲ್ಲ ಕರೆದು ಕೂರಿಸಿದರೆ ಮಾತ್ರ ಪಂಕ್ತಿ ಉದ್ದವಾಗುತ್ತದೆ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್, ಹಣ್ಣಿನ ಸಕ್ಕರೆ ಫ್ರಕ್ಟೋಸ್, ಹುಡುಗರಿಗೆ ಮೀಸೆ ಮೂಡಿಸುವ ಟೆಸ್ಟೋಸ್ಟಿರಾನ್, ಬಸುರು ಉಳಿಸುವ ಪ್ರೊಜೆಸ್ಟಿರಾನ್, ಎಲ್ಲ ಇದೇ ಕುಲ. ಕಸ್ತೂರಿಯ ಪರಿಮಳಕ್ಕೆ ಕಾರಣವಾದ ಮಸ್ಕೋನೂ ಕೀಟೋನೇ. 15 ಇಂಗಾಲಗಳು ಸುತ್ತು ಕಟ್ಟಿರುವ ಅದರ ರಚನೆಯನ್ನು 1926ರಲ್ಲಿ ರುಜಿಚ್ಕಾ ಎಂಬ ರಸಾಯನಶಾಸ್ತ್ರಜ್ಞ ಬಿಡಿಸಿ ತೋರಿಸಿದ. ಅಷ್ಟು ದೊಡ್ಡ ಉಂಗುರ ನಿಲ್ಲುವುದಿಲ್ಲ ಎಂದು ಅದುವರೆಗೆ ಪಂಡಿತರು ನಂಬಿದ್ದರು. ಕಸ್ತೂರಿಮೃಗ ಅವರನ್ನು ಕೇಳಿರಲಿಲ್ಲ.

ಕುಲದಲ್ಲೆಲ್ಲ ಚಿಕ್ಕದು ಅಸಿಟೋನ್. ಮಗಳು ಉಗುರುಬಣ್ಣ ಒರೆಸಿಕೊಳ್ಳುವ ಸಣ್ಣ ಬಾಟಲಿಯಲ್ಲಿ ಇದ್ದದ್ದು ಅದೇ. ಹತ್ತಿಗೆ ಎರಡು ಹನಿ ಬಿಟ್ಟು ಉಗುರಿಗೆ ಒತ್ತಿದರೆ ಬೆರಳು ತಣ್ಣಗಾಗುತ್ತದೆ, ಕೋಣೆಯೆಲ್ಲ ಘಾಟು. 56 ಡಿಗ್ರಿಗೇ ಕುದಿಯುವ ದ್ರವ ಅದು; ಚರ್ಮದ ಬಿಸಿ ಹೀರಿಕೊಂಡು ಗಾಳಿಗೆ ಹಾರಿಹೋಗುತ್ತದೆ.

ಇಂಥ ಹಗುರ ಪದಾರ್ಥಕ್ಕಾಗಿ ಒಂದು ಸಾಮ್ರಾಜ್ಯ ತಡಕಾಡಿದ್ದುಂಟು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಫಿರಂಗಿಗಳಿಗೆ ಕಾರ್ಡೈಟ್ ಮದ್ದು ಬೇಕಿತ್ತು, ಕಾರ್ಡೈಟ್ ನಾದಲು ಅಸಿಟೋನ್ ಬೇಕಿತ್ತು. (ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲೂ ಕಾರ್ಡೈಟ್ ಕಾರ್ಖಾನೆಯಿದೆ. ಊಟಿ ರೈಲಿನಲ್ಲಿ ಹೋಗುವವರು ಆ ಸ್ಟೇಷನ್ನಿನ ಹೆಸರು ಓದಿ ಮುಂದಕ್ಕೆ ಹೋಗುತ್ತಾರೆ.) ಅಸಿಟೋನ್ ತಯಾರಿಸಲು ಆಗಿನ ಮುಖ್ಯ ದಾರಿ: ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ ಬಟ್ಟಿ ಇಳಿಸುವುದು, ಬಂದ ಹುಳಿನೀರಿಗೆ ಸುಣ್ಣ ಸೇರಿಸುವುದು, ಆ ಅಸಿಟೇಟ್ ಸುಣ್ಣವನ್ನು ಮತ್ತೆ ಸುಡುವುದು. ಯುದ್ಧದ ಹಸಿವಿಗೆ ಅದು ಸಾಲಲಿಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ರಸಾಯನಶಾಸ್ತ್ರಜ್ಞ ಖೈಮ್ ವೈಜ್‌ಮನ್ ಬೇರೆ ದಾರಿ ಹಿಡಿದ. ಮುಸುಕಿನ ಜೋಳದ ಗಂಜಿಗೆ ಒಂದು ಬ್ಯಾಕ್ಟೀರಿಯಾ ಬಿಟ್ಟ. ಅದು ಹುಳಿ ಬರಿಸಿ ಅಸಿಟೋನ್ ಕೊಟ್ಟಿತು. 1917ರಲ್ಲಿ ಜೋಳಕ್ಕೂ ತತ್ವಾರ ಬಂದಾಗ ಇಂಗ್ಲೆಂಡಿನ ಶಾಲಾಮಕ್ಕಳಿಂದ ಕುದುರೆ ಚೆಸ್ಟ್‌ನಟ್ ಕಾಯಿ ಆಯಿಸಿದರು, ಏತಕ್ಕೆಂದು ಹೇಳಲಿಲ್ಲ. ಫಲ ಅಷ್ಟಕ್ಕಷ್ಟೇ. ವೈಜ್‌ಮನ್ ಮುಂದೆ 1949ರಲ್ಲಿ ಇಸ್ರೇಲಿನ ಮೊದಲ ಅಧ್ಯಕ್ಷನಾದ.

ಸೌದೆ ಬಟ್ಟಿ ನಮಗೂ ಹೊಸದಲ್ಲ. 1923ರ ಜನವರಿಯಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಹರಿಯತೊಡಗಿದಾಗ ಆ ಕಾರ್ಖಾನೆಯ ಹೆಸರಿನಲ್ಲೇ ಸೌದೆ ಬಟ್ಟಿಯೂ ಸೇರಿತ್ತು. ಮಲೆನಾಡಿನ ಮರ ಇದ್ದಿಲಾಗಿ ಕುಲುಮೆಗೆ ಬೀಳುತ್ತಿತ್ತು. ಉಳಿದ ಹೊಗೆಯಿಂದ ಡಾಂಬರು, ಮೆಥನಾಲ್, ಅಸಿಟೇಟ್ ಸುಣ್ಣ ತೆಗೆಯುತ್ತಿದ್ದರು.

ನನ್ನ ಮೇಜಿಗೆ ಕೀಟೋನ್ ಬರುತ್ತಿದ್ದದ್ದು ಮೂತ್ರದ ಬಾಟಲಿಯಲ್ಲಿ. ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಅಸಿಟೋನ್ ಇರುವುದನ್ನು 1857ರಲ್ಲೇ ಪೆಟ್ಟರ್ಸ್ ಎಂಬಾತ ಗುರುತಿಸಿದ್ದ. ನಾವು ಮಾಡುತ್ತಿದ್ದದ್ದು 1908ರ ರೋಥೆರಾ ಟೆಸ್ಟ್. ಟ್ಯೂಬಿನಲ್ಲಿ ಒಂದಿಷ್ಟು ಮೂತ್ರ. ಅದಕ್ಕೆ ಅಮೋನಿಯಂ ಸಲ್ಫೇಟ್ ಸುರಿದು, ಇನ್ನು ಕರಗುವುದಿಲ್ಲ ಎಂದು ತಳದಲ್ಲಿ ನಿಲ್ಲುವವರೆಗೆ ಕುಲುಕಬೇಕು. ಸೋಡಿಯಂ ನೈಟ್ರೋಪ್ರಸೈಡಿನ ಕೆಂಪು ಹರಳೊಂದನ್ನು ಹಾಕಬೇಕು. ಆಮೇಲೆ ಮೂಗು ಪಕ್ಕಕ್ಕೆ ತಿರುಗಿಸಿ, ಟ್ಯೂಬನ್ನು ವಾರೆಯಾಗಿ ಹಿಡಿದು, ಗೋಡೆಯ ಗುಂಟ ಅಮೋನಿಯಾ ನಿಧಾನ ಇಳಿಸಬೇಕು. ಕೈ ನಡುಗಿದರೆ ಎರಡೂ ಬೆರೆತು ಕೆಟ್ಟಿತು. ಸರಿಯಾಗಿ ಇಳಿಸಿದರೆ ಎರಡು ದ್ರವ ಕೂಡುವಲ್ಲಿ ನೇರಳೆ ಬಳೆಯೊಂದು ಮೂಡುತ್ತದೆ. "ರಿಂಗ್ ಬಂತಾ?" ಅಂತ ಡ್ಯೂಟಿ ಡಾಕ್ಟರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

ಈ ಟೆಸ್ಟಿನಲ್ಲಿ ಒಂದು ಮೋಸವಿದೆ. ದೇಹದ ಕೀಟೋನ್‌ಗಳು ಮೂರು: ಅಸಿಟೋಅಸಿಟೇಟ್, ಅಸಿಟೋನ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಕಾಯಿಲೆ ಜೋರಾದಾಗ ರಕ್ತದಲ್ಲಿ ತುಂಬುವುದು ಹೆಚ್ಚಾಗಿ ಮೂರನೆಯದೇ. ತಮಾಷೆಯೆಂದರೆ ರಚನೆಯ ಪ್ರಕಾರ ಅದು ಕೀಟೋನೇ ಅಲ್ಲ, ರೋಥೆರಾ ಟೆಸ್ಟಿಗೆ ಸಿಕ್ಕುವುದೂ ಇಲ್ಲ. ಇನ್ಸುಲಿನ್ ಕೊಟ್ಟು ರೋಗಿ ಚೇತರಿಸುವಾಗ ಅದು ತಿರುಗಿ ಅಸಿಟೋಅಸಿಟೇಟ್ ಆಗುತ್ತದೆ. ಬಳೆಯ ಬಣ್ಣ ಮೊದಲಿಗಿಂತ ಗಾಢವಾಗುತ್ತದೆ. ಹೊಸ ಹೌಸ್‌ಸರ್ಜನ್‌ಗಳು ಗಾಬರಿಯಾಗುವುದೂ ಹಿರಿಯರು ನಗುವುದೂ ಅಲ್ಲೇ.

ದೇಹ ಕೀಟೋನನ್ನೇಕೆ ತಯಾರಿಸಬೇಕು? ನಮ್ಮಜ್ಜಿಯ ಏಕಾದಶಿ ನಿಟ್ಟುಪವಾಸವನ್ನೇ ನೋಡಿ. ಯಕೃತ್ತಿನಲ್ಲಿ ಇರುವ ಗ್ಲೈಕೋಜನ್ ದಾಸ್ತಾನು ಸುಮಾರು 100 ಗ್ರಾಂ, ಒಂದು ದಿನದ ಉಪವಾಸಕ್ಕೆ ಅದು ಹೆಚ್ಚುಕಡಿಮೆ ಖಾಲಿ. ಆಮೇಲೆ ಕೊಬ್ಬೇ ಗತಿ. ಮಿದುಳು ಕೊಬ್ಬನ್ನು ಹಾಗೆಯೇ ಉರಿಸಲಾರದು; ಯಕೃತ್ತು ಅದನ್ನು ಕತ್ತರಿಸಿ ಕೀಟೋನ್ ಮಾಡಿ ಕಳಿಸುತ್ತದೆ. ಅದು ಮದುವೆಮನೆಯ ಅಡುಗೆ ಭಟ್ಟರಂತೆ, ಊರಿಗೆಲ್ಲ ಬಡಿಸಿ ತಾನು ಒಂದು ತುತ್ತೂ ಮುಟ್ಟುವುದಿಲ್ಲ. ಕೀಟೋನನ್ನು ಬಳಸಿಕೊಳ್ಳುವ ಕಿಣ್ವ ಯಕೃತ್ತಿನಲ್ಲೇ ಇಲ್ಲ. ವಾರಗಟ್ಟಲೆ ಉಪವಾಸವಿದ್ದರೆ ಮಿದುಳಿನ ಮುಖ್ಯ ಇಂಧನ ಕೀಟೋನೇ ಎಂದು ಜಾರ್ಜ್ ಕ್ಯಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ದ್ವಾದಶಿಯ ಬೆಳಿಗ್ಗೆ ಅಜ್ಜಿಯ ಉಸಿರಿಗೆ ಕಳಿತ ಹಣ್ಣಿನ ವಾಸನೆಯಿರುತ್ತಿತ್ತು. ಉಪ್ಪಿಟ್ಟು, ಅವಲಕ್ಕಿ, ಮೇಲೊಂದು ಲೋಟ ಪಾಯಸದಲ್ಲಿ ಏಕಾದಶಿ ಮಾಡುವ ನನ್ನಂಥವರಿಗೆ ಆ ಭಾಗ್ಯವಿಲ್ಲ.

ಹೋದ ಯುಗಾದಿಗೆ ಅಳಿಯಂದಿರು ಬಂದರು. ಎಲೆ ಹಾಕಿ ಒಬ್ಬಟ್ಟು ಬಡಿಸಲು ಬಗ್ಗಿದೆ.

"ಒಬ್ಬಟ್ಟು ಬೇಡ ಅತ್ತೆ, ನಾನೀಗ ಕೀಟೋಸಿಸ್‌ನಲ್ಲಿದ್ದೀನಿ. ತುಪ್ಪ ಮಾತ್ರ ಹಾಕಿ."

"ಬರೀ ಎಲೆಗೆ ತುಪ್ಪ ಹಾಕೋದು ಹೇಗೆ ಅಳಿಯಂದಿರೇ?" ಅಂದೆ. ಕೋಸಂಬರಿಯ ಮೇಲೆ ಹಾಕಿಸಿಕೊಂಡರು. ಸಂಜೆ ಮೆಡಿಕಲ್ ಶಾಪಿನ ಮೂತ್ರಪರೀಕ್ಷೆಯ ಪಟ್ಟಿಯೊಂದನ್ನು ತಂದು ತೋರಿಸಿದರು, ಮುಖವೆಲ್ಲ ಬೆಳಕು: "ನೋಡಿ ಅತ್ತೆ, ನೇರಳೆ ಬಂತು!" ನಾವು ನೇರಳೆ ಬಂದರೆ ವಾರ್ಡಿಗೆ ಓಡುತ್ತಿದ್ದೆವು, ಇವರು ನೇರಳೆ ಬಂದರೆ ಸ್ಟೇಟಸ್ ಹಾಕುತ್ತಾರೆ.

ಅವರನ್ನು ಗೇಲಿ ಮಾಡಿ ಬಿಡುವಂತಿಲ್ಲ. ಅನ್ನ, ಸಕ್ಕರೆ ಬಿಟ್ಟು ಕೊಬ್ಬನ್ನೇ ತಿನ್ನುವ ಈ ಕೀಟೋ ಪಥ್ಯಕ್ಕೂ ನೂರು ವರ್ಷ ದಾಟಿದೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಇದನ್ನು ಮೂರ್ಛೆರೋಗಕ್ಕೆ ಸೂಚಿಸಿದ. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಕಡಿವಾಣ ಹಿಡಿದಿರುತ್ತದೆ. ಪಥ್ಯ ಮಾಡುವವರ ರಕ್ತದಲ್ಲಿ ಕೀಟೋನ್ ಲೀಟರಿಗೆ 0.5ರಿಂದ 3 ಮಿಲಿಮೋಲ್‌ವರೆಗೆ ಹೋಗಿ ನಿಲ್ಲುತ್ತದೆ. ಇನ್ಸುಲಿನ್ನೇ ಇಲ್ಲದವರಲ್ಲಿ ಹಿಡಿಯುವವರಿಲ್ಲ, 10 ದಾಟಿದರೂ ದಾಟಿತು. ರಕ್ತಕ್ಕೆ ಹುಳಿ ಏರುತ್ತದೆ, ದೇಹ ಆ ಹುಳಿಯನ್ನು ಉಸಿರಲ್ಲಿ ಹೊರಹಾಕಲು ಏದುಸಿರು ಬಿಡುತ್ತದೆ. ಕುಸ್‌ಮೌಲ್ ಎಂಬ ವೈದ್ಯ 1874ರಲ್ಲಿ ವಿವರಿಸಿದ ಉಸಿರಾಟ ಇದೇ. ಆ ಕಾಲದಲ್ಲಿ ಅದು ಸಾವಿನ ಸೂಚನೆ.

1922ರ ಜನವರಿಯಲ್ಲಿ ಟೊರಾಂಟೊ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯಿಂದ ಮಲಗಿದ್ದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ 30 ಕಿಲೋಗೂ ಕಡಿಮೆ. 11ನೇ ತಾರೀಖು ಕೊಟ್ಟ ಮೊದಲ ಇನ್ಸುಲಿನ್ ಇಂಜೆಕ್ಷನ್ನಿಂದ ಹೆಚ್ಚೇನೂ ಆಗಲಿಲ್ಲ. ಜೀವರಸಾಯನಶಾಸ್ತ್ರಜ್ಞ ಕಾಲಿಪ್ ಶುದ್ಧ ಮಾಡಿಕೊಟ್ಟ ಸಾರವನ್ನು 23ರಿಂದ ಕೊಡತೊಡಗಿದಾಗ ಸಕ್ಕರೆ ಇಳಿಯಿತು, ಮೂತ್ರದಿಂದ ಕೀಟೋನ್ ಮಾಯವಾಯಿತು. ಹುಡುಗ ಇನ್ನೂ 13 ವರ್ಷ ಬದುಕಿದ.

ಅದೆಲ್ಲ ಮುಗಿದ ಕಥೆ ಅಂದುಕೊಳ್ಳಬೇಡಿ. ನನ್ನ ಮೇಜಿಗೆ ಒಂದು ಸಂಜೆ ಹೈಸ್ಕೂಲು ಹುಡುಗಿಯೊಬ್ಬಳ ಸ್ಯಾಂಪಲ್ ಬಂತು. ಹೊಟ್ಟೆನೋವು, ವಾಂತಿ ಅಂತ ಬೇರೆ ಕಡೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ್ದರು, ಸಕ್ಕರೆ ನೋಡಿರಲಿಲ್ಲ. ಅಮೋನಿಯಾ ತಾಗಿದ್ದೇ ತಡ, ಬಳೆ ಕಪ್ಪಿಟ್ಟಿತು. ಹುಡುಗಿ ಉಳಿದಳು.

ಅದಕ್ಕೇ ಕೇಳಿಕೊಳ್ಳುವುದು. ಮಗು ಮೇಲಿಂದ ಮೇಲೆ ನೀರು ಕುಡಿದು ಉಚ್ಚೆಗೆ ಓಡುತ್ತಿದ್ದರೆ, ಸೊರಗುತ್ತಿದ್ದರೆ, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಓಡಿ, ಸಕ್ಕರೆ ಮತ್ತು ಕೀಟೋನ್ ಎರಡನ್ನೂ ನೋಡಿ ಎಂದು ಬಾಯಿಬಿಟ್ಟು ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಜ್ವರ ಬಂದು ಊಟ ಸೇರದಿದ್ದಾಗ ತಾವಾಗಿಯೇ ಇಂಜೆಕ್ಷನ್ ನಿಲ್ಲಿಸಬೇಡಿ, ಎಷ್ಟು ಬೇಕೆಂದು ಡಾಕ್ಟರನ್ನು ಕೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರಿಗೆ ಸಕ್ಕರೆ ಅಷ್ಟೇನೂ ಏರದೆಯೂ ಕೀಟೋನ್ ಏರಬಹುದು. ಅವರು ಡಾಕ್ಟರಿಗೆ ತಿಳಿಸದೆ ಕೀಟೋ ಪಥ್ಯದ ಗೊಡವೆಗೆ ಹೋಗಲೇಬಾರದು.