ಹೋತವಿಲ್ಲದ ಬಡಾವಣೆ

ಜಯನಗರದಲ್ಲಿ ಮೇಕೆ ಹಾಲು ಯಾಕೆ ನಿಂತಿತು ಎಂದು ನನ್ನ ಓರಗೆಯವರನ್ನು ಕೇಳಿ ನೋಡಿ. ಡೈರಿ ಹಾಲು ಬಂತಲ್ಲ ಎನ್ನುತ್ತಾರೆ. ಖಾಲಿ ಸೈಟುಗಳೆಲ್ಲ ಮನೆಗಳಾದವು ಎನ್ನುವವರೂ ಇದ್ದಾರೆ. ಎರಡೂ ಸುಳ್ಳಲ್ಲ. ಆದರೆ ಬೈರಸಂದ್ರಕ್ಕೆ ಅಂಟಿಕೊಂಡ ರಸ್ತೆಯೊಂದರಲ್ಲಿ ಬೆಳೆದ ನಾನು ಕಂಡಂತೆ ಮೊದಲು ಹೋದದ್ದು ಹೋತ. ಮರಿ, ಹಾಲು, ಕೊನೆಗೆ ಮೇಕೆಗಳು ಅದರ ಹಿಂದೆ ಹೊರಟವು.

ರಾಜಾಜಿಯವರು 1948ರಲ್ಲಿ ಅಡಿಗಲ್ಲು ಹಾಕಿದ ಬಡಾವಣೆ ಇದು. ಆದರೆ ಆಗ ಇಲ್ಲಿ ಇದ್ದದ್ದು ಬರಿಯ ಬಯಲಲ್ಲ. ಬೈರಸಂದ್ರ, ಯಡಿಯೂರು, ಸಿದ್ದಾಪುರ, ಮಾರೇನಹಳ್ಳಿಗಳ ಹೊಲ ತೋಟಗಳು. ಹೊಲ ಹೋಯಿತು, ಊರು ಉಳಿಯಿತು. ನೇರಕ್ಕೆ ಗೆರೆ ಎಳೆದ ಮೇನು ಕ್ರಾಸುಗಳ ಪಕ್ಕದಲ್ಲಿ ಬೈರಸಂದ್ರ ತನ್ನ ಸೊಟ್ಟ ಗಲ್ಲಿಗಳನ್ನೂ ದನಕರುಗಳನ್ನೂ ಇಟ್ಟುಕೊಂಡೇ ಇತ್ತು. ಹೊಲ ಹೋದವರಿಗೆ ಹಸು ಸಾಕುವುದು ಕಷ್ಟ, ಹುಲ್ಲನ್ನು ದುಡ್ಡು ಕೊಟ್ಟು ತರಬೇಕು. ಮೇಕೆಗಾದರೆ ಯಾರದೋ ಬೇಲಿ, ಯಾರದೋ ಸೈಟು ಸಾಕು.

ನಮಗೆ ಹಾಲು ಕೊಡುತ್ತಿದ್ದವರನ್ನು ಬೀದಿಯೆಲ್ಲ ಮೇಕೆ ಅಜ್ಜಿ ಎಂದೇ ಕರೆಯುತ್ತಿತ್ತು. ನಾಲ್ಕು ಹೆಣ್ಣು ಮೇಕೆ. ಅದರಲ್ಲಿ ಯಾವಾಗಲೂ ಒಂದೆರಡು ಹಾಲು ಕರೆಯುವಂಥವು, ಒಂದು ಗಬ್ಬ, ಒಂದು ಬತ್ತಿದ್ದು. ಈ ಸರದಿ ತಾನಾಗಿ ಬಂದದ್ದಲ್ಲ. ಮೇಕೆ ಗಬ್ಬ ಹೊರುವುದು ಹೆಚ್ಚುಕಡಿಮೆ 150 ದಿನ, ನಾಟಿ ಮೇಕೆ ಹಾಲು ಕೊಡುವುದು ನಾಲ್ಕೈದು ತಿಂಗಳು. ನಾಲ್ಕೂ ಒಟ್ಟಿಗೆ ಈದರೆ ದಸರಾಕ್ಕೆ ಹಾಲೋ ಹಾಲು, ಯುಗಾದಿಗೆ ಖಾಲಿ ಚೊಂಬು. ಯಾವುದನ್ನು ಯಾವ ತಿಂಗಳು ಹೋತಕ್ಕೆ ಬಿಡಬೇಕು ಎನ್ನುವ ಪಂಚಾಂಗ ಅಜ್ಜಿಯ ತಲೆಯಲ್ಲಿತ್ತು.

ಬೆಳಿಗ್ಗೆ ಮೇಕೆಯನ್ನು ನಮ್ಮ ಗೇಟಿನ ಹತ್ತಿರಕ್ಕೇ ಹೊಡೆದುಕೊಂಡು ಬರುತ್ತಿದ್ದರು. ರಾತ್ರಿಯೆಲ್ಲ ಮಂಕರಿಯಡಿ ಮುಚ್ಚಿಟ್ಟಿದ್ದ ಮರಿ ಹಿಂದೆಯೇ ಓಡಿ ಬರುತ್ತಿತ್ತು. ಅದಕ್ಕೆ ನಾಲ್ಕು ಗುಟುಕು ಬಿಟ್ಟು, ಕೆಚ್ಚಲಿಗೆ ಹಾಲು ಇಳಿದದ್ದು ನೋಡಿಕೊಂಡು ಮರಿಯನ್ನು ಎಳೆದು ಗೇಟಿಗೆ ಕಟ್ಟುವರು. ಮೇಕೆಗೆ ಎರಡೇ ಮೊಲೆ. ಕುಕ್ಕರುಗಾಲಿನಲ್ಲಿ ಕೂತು ಮೊದಲ ಎರಡು ಧಾರೆ ನೆಲಕ್ಕೆ ಬಿಟ್ಟು, ಆಮೇಲೆ ಚೊಂಬಿಗೆ. ‘ತಾಯೀ, ಪಾತ್ರೆ ತಗೊಂಡು ಬನ್ನಿ, ನೊರೆ ಇಳಿದ ಮೇಲೆ ಅಳತೆ ಕಮ್ಮಿ ಅಂದ್ಕೊಂತೀರ’ ಎಂದು ಅಮ್ಮನನ್ನು ಕರೆಯುತ್ತಿದ್ದರು. ಹಗಲು ಮೇಯಲು ಬಿಟ್ಟಾಗ ಮರಿ ಕುಡಿಯದಂತೆ ಕೆಚ್ಚಲಿಗೆ ಹಳೇ ಬನಿಯನ್ನಿನ ಚೀಲ ಕಟ್ಟುತ್ತಿದ್ದರು. ಅದನ್ನು ಕಂಡು ನಗದ ಹುಡುಗರೇ ಇರಲಿಲ್ಲ.

ನಮ್ಮ ಮನೆಗೆ ಮೇಕೆ ಹಾಲು ಬಂದದ್ದು ತಮ್ಮನ ನಾಯಿಕೆಮ್ಮಿಗೆ ಔಷಧವೆಂದು. ಕೆಮ್ಮು ಹೋದ ಮೇಲೂ ಅರ್ಧ ಪಾವು ನಿಲ್ಲಲಿಲ್ಲ. ಕಾಫಿಗೆ ಮಾತ್ರ ಯಾರೂ ಒಪ್ಪಲಿಲ್ಲ. ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗದು, ಬೆಣ್ಣೆ ಸುಣ್ಣದಂತೆ ಬಿಳಿ. ಹಸು ತಿಂದ ಹಸಿರಿನ ಹಳದಿ ಬಣ್ಣ ಹಾಲಿಗೂ ಇಳಿಯುತ್ತದೆ. ಮೇಕೆ ಅದನ್ನು ಮೈಯೊಳಗೇ ಎ ವಿಟಮಿನ್ ಮಾಡಿಬಿಡುತ್ತದೆ, ಅದಕ್ಕೆ ಆ ಬಿಳುಪು. ಬರೀ ಮೇಕೆ ಹಾಲಿನಲ್ಲಿ ಬೆಳೆಸಿದ ಕೂಸಿಗೆ ರಕ್ತ ಕಡಿಮೆಯಾಗುತ್ತದೆ ಎಂದು ಡಾಕ್ಟರು ಎಚ್ಚರಿಸುತ್ತಿದ್ದುದೂ ನಿಜವೇ. ಅದರಲ್ಲಿ ಫೋಲೇಟ್ ತೀರಾ ಕಡಿಮೆ.

ಮೇಕೆ ಹಾಲನ್ನು ದೇಶಕ್ಕೆಲ್ಲ ಪರಿಚಯಿಸಿದ ಗಾಂಧೀಜಿ ನಮ್ಮ ಪಕ್ಕದ ಆಡುಗೋಡಿಗೆ ಬಂದು ಕಲಿತದ್ದು ಹಸು ಸಾಕುವುದನ್ನು! 1919ರ ಹೊತ್ತಿಗೆ ಕಾಯಿಲೆಯಿಂದ ಬಹಳ ಬಳಲಿದ್ದರು. ಹಾಲು ಬಿಡುವ ವ್ರತ ಮಾಡಿದಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಹಸು, ಎಮ್ಮೆ ಮಾತ್ರವಲ್ಲವೇ ಎಂದು ಕಸ್ತೂರಬಾ ಕೇಳಿದ ಮೇಲೆ ಮೇಕೆ ಹಾಲಿಗೆ ಒಪ್ಪಿಕೊಂಡವರು. 1927ರಲ್ಲಿ ಮತ್ತೆ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಂಗಿದ್ದಾಗ ಆಡುಗೋಡಿಯ ಇಂಪೀರಿಯಲ್ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಹೇಳಿಸಿಕೊಂಡರು. ಈಗಿನ ಎನ್‌ಡಿಆರ್‌ಐ ದಕ್ಷಿಣ ಕೇಂದ್ರ ಅದೇ. ಈ ಕಥೆ ಹೇಳಿದರೆ ಮೇಕೆ ಅಜ್ಜಿ, ‘ನಮ್ಮನೆಗೆ ಬಂದಿದ್ರೆ ನಾನೇ ಹೇಳ್ಕೊಡ್ತಿದ್ದೆ’ ಎನ್ನುತ್ತಿದ್ದರು.

ಇನ್ನು ಹೋತದ ವಿಷಯ. ಎರಡು ಮೇಕೆಯನ್ನು ಯಾರ ಹಿತ್ತಿಲಲ್ಲಾದರೂ ಕಟ್ಟಬಹುದು, ಹೋತವನ್ನು ಕಟ್ಟಲಾಗದು. ಬೆದೆಯ ಕಾಲದಲ್ಲಿ ತನ್ನ ಗಡ್ಡಕ್ಕೂ ಮುಂಗಾಲಿಗೂ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಕೊಂಬಿನ ಹಿಂದಿನ ಗ್ರಂಥಿಯ ನಾತ ಬೇರೆ. ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡದು. ಹಾಲು ಕರೆಯುವ ಮೇಕೆಯ ಪಕ್ಕ ಕಟ್ಟಿದರೆ ಆ ವಾಸನೆ ಹಾಲಿಗೂ ಹತ್ತುತ್ತದೆ. ಹಾಗಾಗಿ ಸುತ್ತಲಿನ ಮೇಕೆಗಳಿಗೆಲ್ಲ ಒಂದೇ ಹೋತ. ಗುರಪ್ಪನಪಾಳ್ಯದಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಭಾಯಿಯೊಬ್ಬರು ಅದನ್ನು ಸಾಕಿದ್ದರು. ಉದ್ದ ಕಿವಿ, ಡೊಂಕು ಮೂಗು; ಜಮುನಾಪಾರಿ ಬೆರಕೆ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕಬ್ಬಿಣ, ಡಬ್ಬ, ಖಾಲಿ ಬಾಟಲಿಗಳ ರಾಶಿಯ ಹಿಂದೆ ಅದರ ಗೂಟ. ಗುಜರಿ ಅಂಗಡಿಯ ನಾತದಲ್ಲಿ ಅದರದ್ದೂ ಒಂದು ಪಾಲು, ಯಾರೂ ಕೇಳುವವರಿರಲಿಲ್ಲ.

ಮೇಕೆ ಬೆದೆಗೆ ಬಂದರೆ ಬೀದಿಗೇ ತಿಳಿಯುತ್ತಿತ್ತು. ಬಿಡದೆ ಅರಚುವುದು, ಬಾಲ ಆಡಿಸುವುದು, ಮೇವು ಬಿಡುವುದು. ಅದು ಇರುವುದು ಒಂದು ದಿನ, ಹೆಚ್ಚೆಂದರೆ ಎರಡು. ಆ ಹೊತ್ತಿನೊಳಗೆ ಅಜ್ಜಿ ಹಗ್ಗ ಹಿಡಿದು ಹೊರಡಬೇಕು. ಭಾಯಿಗೆ ಎರಡು ರೂಪಾಯಿ. ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬಂದರೆ ಎರಡನೆಯ ಸಲಕ್ಕೆ ಕಾಸಿಲ್ಲ. ‘ಯಾವ ದಿನ ಬಿಟ್ಟಿದ್ದು ಅಂತ ನೆನಪಿಟ್ಕೋ ಅಮ್ಮಾ, ಆಮೇಲೆ ನನ್ನ ಹೋತದ ಮೇಲೆ ಹಾಕಬೇಡ’ ಎಂದು ಭಾಯಿ ಹೇಳಿದರೆ ಅಜ್ಜಿ ಉತ್ತರವನ್ನೇ ಕೊಡುತ್ತಿರಲಿಲ್ಲ. ಮಕ್ಕಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಆದರೂ ನಾವು ಹೋಗುತ್ತಿದ್ದೆವು.

ಮೇವಿನ ಮಾತು ಬಂದರೆ ಅಜ್ಜಿಗೆ ಆಯುಧಪೂಜೆಯ ಮರುದಿನವೇ ನಿಜವಾದ ಹಬ್ಬ. ವರ್ಕ್‌ಶಾಪು, ಅಂಗಡಿ, ಲಾರಿಗಳಿಗೆ ಕಟ್ಟಿದ್ದ ಬಾಳೆಕಂದು, ಮಾವಿನ ಸೊಪ್ಪು ಎಲ್ಲ ರಸ್ತೆಗೆ ಬಿದ್ದಿರುತ್ತಿದ್ದವು. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಹೂಕೋಸಿನ ಎಲೆ, ಹಲಸಿನ ಸಿಪ್ಪೆ ಕೂಡ ಆಗುತ್ತಿತ್ತು. ಉಳಿದ ದಿನ ದಾಸವಾಳದ ಬೇಲಿ, ಹೊಂಗೆ, ಬೇವು. ಕಣಗಿಲೆ ಇದ್ದ ಮನೆಗಳ ಕಡೆ ಮಾತ್ರ ಹೊಡೆಯುತ್ತಿರಲಿಲ್ಲ, ಅದು ವಿಷ. ಬೇಲಿಗಳು ಹೋಗಿ ಇಟ್ಟಿಗೆ ಕಾಂಪೌಂಡುಗಳು ಎದ್ದಾಗ ಕೋಲಿಗೆ ಕುಡುಗೋಲು ಕಟ್ಟಿಕೊಂಡು ಸೊಪ್ಪು ಇಳಿಸಲು ಶುರುಮಾಡಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನ ರಸ್ತೆಗಳಿಗೆ 15 ಲಕ್ಷದಷ್ಟು ಸಸಿ ನೆಡಿಸಿದಾಗ ಪ್ರತಿ ಸಸಿಗೂ ಬೇಲಿ ಬೇಕಾದದ್ದು ಇಂಥ ಮೇಕೆ, ದನಗಳಿಂದಲೇ. ಅಜ್ಜಿಗೆ ಆ ಬೇಲಿಗಳ ಮೇಲೆ ಸಿಟ್ಟಿತ್ತು. ಅದೇ ಸಸಿಗಳು ಮರವಾಗಿ ಈಗ ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಲಾರಿಗಟ್ಟಲೆ ಕೊಂಬೆ ಉದುರಿಸುತ್ತವೆ. ಆ ಸೊಪ್ಪು ತಿನ್ನಲು ಮೇಕೆಗಳಿಲ್ಲ.

ಹೊಸೂರು ರಸ್ತೆಯ ಬೆಂಗಳೂರು ಡೈರಿ ಯುನಿಸೆಫ್ ನೆರವಿನಿಂದ 1965ರಲ್ಲೇ ಶುರುವಾಯಿತು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಬೂತುಗಳು ಬಂದವು, 80ರ ದಶಕದಲ್ಲಿ ನಂದಿನಿ ಬಂತು. ಇದರಿಂದ ಪೆಟ್ಟು ತಿಂದವರು ಹಸು, ಎಮ್ಮೆ ಕಟ್ಟಿದ್ದ ಹಾಲಿನವರು. ಮೇಕೆ ಹಾಲನ್ನು ಔಷಧಕ್ಕೆಂದು ಕೊಳ್ಳುತ್ತಿದ್ದವರು ಡೈರಿ ಹಾಲು ಬಂತೆಂದು ಬಿಡಲಿಲ್ಲ. ಅಜ್ಜಿಯ ವರ್ತನೆ ಮನೆಗಳು ಕಡಿಮೆಯಾದದ್ದನ್ನು ನಾನು ಆ ಕಾಲದಲ್ಲಿ ಕಾಣಲೇ ಇಲ್ಲ.

ಭಾಯಿಯ ಮಕ್ಕಳು ಗುಜರಿ ಅಂಗಡಿಯ ಜಾಗದಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟರು. ಬಾಡಿಗೆದಾರರು ನಾತ ತಡೆಯಲಿಲ್ಲ, ಅವರನ್ನು ದೂರಿ ಫಲವಿಲ್ಲ. ಹೋತ ಮಾರಾಟವಾಯಿತು. ಹಸು ಆಗಿದ್ದರೆ ಪಶುವೈದ್ಯರು ಕಡ್ಡಿಯಲ್ಲಿ ವೀರ್ಯ ತಂದು ಕೊಟ್ಟಿಗೆಯಲ್ಲೇ ಗಬ್ಬ ಕಟ್ಟಿಸುತ್ತಿದ್ದರು. ಮೇಕೆಗೆ ಆ ಅನುಕೂಲ ನಮ್ಮ ಕಡೆ ಇರಲೇ ಇಲ್ಲ. ಸಾರಕ್ಕಿಯ ಆಚೆ ಮಂದೆ ಇಟ್ಟವರೊಬ್ಬರ ಬಳಿ ಹೋತವಿದೆ ಎಂದು ಕೇಳಿ ಅಜ್ಜಿ ಅಷ್ಟು ದೂರ ನಡೆಸಿಕೊಂಡು ಹೋದರು. ಮಂದೆ ಮೇಯಲು ಹೋಗಿತ್ತು. ಮಾರನೆಯ ದಿನಕ್ಕೆ ಬೆದೆ ಇಳಿದಿತ್ತು. ಗಬ್ಬವಿಲ್ಲದ ಮೇಕೆಗಳು ಒಂದೊಂದಾಗಿ ಬತ್ತಿದವು. ಬತ್ತಿದ ಮೇಕೆಗೆ ಕಟುಕರ ಅಂಗಡಿ ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಅಜ್ಜಿ ಕೊನೆಯದನ್ನು ಮಾರಿದ್ದು ನನಗೆ ಗೊತ್ತಾದದ್ದೇ ತಿಂಗಳಾದ ಮೇಲೆ.

ಬಕ್ರೀದಿಗೆ ಮುಂಚೆ ತಿಲಕನಗರದ ಗಲ್ಲಿಗಳಲ್ಲಿ ಇವತ್ತಿಗೂ ಬಾಗಿಲು ಬಾಗಿಲಿಗೆ ಮೇಕೆ ಕಟ್ಟಿರುತ್ತಾರೆ, ಕೆಲವಕ್ಕೆ ಟೀ ಶರ್ಟು ಕೂಡ ತೊಡಿಸಿರುತ್ತಾರೆ. ಕಣ್ಣಿಗೆ ಬೀಳುವುದೆಲ್ಲ ಗಂಡೇ. ಒಂದು ಕಾಲಕ್ಕೆ ಅದರಲ್ಲಿ ಒಂದಿದ್ದರೆ ಸಾಕಾಗಿತ್ತು.

ಮೇಕೆ ಹಾಲನ್ನು ಜನ ನೆನೆಯುವುದು ಈಗ ಡೆಂಗಿ ಬಂದಾಗ. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ 2024ರಲ್ಲಿ ಜೆ.ಪಿ. ನಗರದ ಸ್ನೇಹಿತರೊಬ್ಬರು, ಪ್ಲೇಟ್‌ಲೆಟ್ ಏರುತ್ತಂತೆ, ಎಲ್ಲಿ ಸಿಗುತ್ತೆ ಎಂದು ಫೋನ್ ಮಾಡಿದರು. ಹಾಗೆ ಏರುತ್ತದೆನ್ನಲು ಆಧಾರವಿಲ್ಲ, ಡಾಕ್ಟರು ಹೇಳಿದಷ್ಟು ಮಾಡಿ ಎಂದೆ. ಕೇಳಲಿಲ್ಲ, ಕನಕಪುರ ರಸ್ತೆಯ ಕಡೆಯಿಂದ ಅರ್ಧ ಲೀಟರ್ ತರಿಸಿಕೊಂಡು, ಹಸಿಯಾಗೇ ಕುಡಿಯಬೇಕಂತೆ ಹೌದೇ ಎಂದು ಮತ್ತೆ ಫೋನ್ ಮಾಡಿದರು. ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಬರಬಹುದು, ಚೆನ್ನಾಗಿ ಉಕ್ಕಿಸಿ ಎಂದೆ. ಅಷ್ಟರಲ್ಲಿ ಸೊಸೆ ಉಕ್ಕಿಸಿ ಆಗಿತ್ತು.