ಧೂಳಿನ ತೊಟ್ಟಿಲು

ಸಂಸ್ಕೃತದಲ್ಲಿ ‘ರಜಸ್’ ಎಂಬ ಶಬ್ದಕ್ಕೆ ಧೂಳೆಂಬ ಅರ್ಥವುಂಟು. ವೇದಭಾಷೆಯಲ್ಲಿ ಅಂತರಿಕ್ಷವೆಂಬ ಅರ್ಥವೂ ಉಂಟು. ನಿತ್ಯವೂ ಪೊರಕೆಯಿಂದ ಗುಡಿಸಿ ಹೊರಗೆಸೆಯುವ ವಸ್ತುವಿಗೂ ಆಕಾಶಕ್ಕೂ ಒಂದೇ ಹೆಸರಿರುವುದು, ಬಹುಕಾಲ ಮಕ್ಕಳಿಗೆ ಶಬ್ದಾರ್ಥಗಳನ್ನು ಹೇಳಿಕೊಟ್ಟ ನಮಗೆ ವಿಚಿತ್ರವಾಗಿ ತೋರುತ್ತಿದ್ದಿತು. ಭೂಮಿಯಂಥ ಗ್ರಹಗಳು ಹುಟ್ಟುವುದು ಅಂತರಿಕ್ಷದ ಧೂಳಿನಿಂದಲೇ ಎಂದು ಖಗೋಳಶಾಸ್ತ್ರಜ್ಞರು ಹೇಳುವುದನ್ನು ಓದಿದ ಮೇಲೆ ಆ ಶಬ್ದದ ಮೇಲೆ ಗೌರವವು ಹೆಚ್ಚಿದೆ.

ಎಳೆಯ ನಕ್ಷತ್ರದ ಸುತ್ತ ಅನಿಲವೂ ಧೂಳೂ ತಟ್ಟೆಯಾಕಾರವಾಗಿ ಸುತ್ತುತ್ತಿರುತ್ತವೆ. ಧೂಳಿನ ಕಣಗಳು ಒಂದಕ್ಕೊಂದು ಅಂಟಿ, ಹರಳಾಗಿ, ಬಂಡೆಯಾಗಿ, ಕಡೆಗೆ ಗ್ರಹವಾಗುವುವು. ಇದನ್ನು ನೋಡುವ ಬಗೆ ಹೇಗೆ? ಬಾಣಂತಿಯ ಕೋಣೆಗೆ ಪರದೆ ಕಟ್ಟಿದಂತೆ, ಕಣ್ಣಿಗೆ ಕಾಣುವ ಬೆಳಕನ್ನು ಆ ಧೂಳೇ ತಡೆಯುತ್ತದೆ. ಆದರೆ ತಣ್ಣನೆಯ ಧೂಳು ತಾನೇ ಸೂಸುವ, ಮಿಲಿಮೀಟರಿನಷ್ಟು ಉದ್ದದ ರೇಡಿಯೋ ಅಲೆಗಳು ಪರದೆಯನ್ನು ದಾಟಿ ಬರಬಲ್ಲವು.

ಇಂಥ ಅಲೆಗಳನ್ನು ಹಿಡಿಯುವ ವಿದ್ಯೆ ನಮ್ಮೂರಿಗೆ ಹೊಸದಲ್ಲ. ನಮ್ಮ ಹನುಮಂತನಗರಕ್ಕೆ ಉತ್ತರದಲ್ಲಿ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ, 1980ರ ದಶಕದಲ್ಲಿಯೇ 10.4 ಮೀಟರು ಅಡ್ಡಳತೆಯ ಬೋಗುಣಿಯಂಥ ದೂರದರ್ಶಕವೊಂದನ್ನು ನಿಲ್ಲಿಸಿ, ನಕ್ಷತ್ರಗಳು ಹುಟ್ಟುವ ತಣ್ಣನೆಯ ಮೋಡಗಳನ್ನು ಪರೀಕ್ಷಿಸಿದರು. ಆದರೆ ಒಂದೇ ಬೋಗುಣಿಗೆ ಮೋಡವು ಕಂಡೀತೇ ಹೊರತು ಅದರೊಳಗಿನ ಸಣ್ಣ ತಟ್ಟೆಯ ರೂಪವು ಕಾಣದು. ಅದಕ್ಕೆ ದೂರ ದೂರ ನಿಲ್ಲಿಸಿದ ಹಲವು ಬೋಗುಣಿಗಳು ಒಂದೇ ಕಣ್ಣಿನಂತೆ ಕೆಲಸ ಮಾಡಬೇಕು. ಗಾಳಿಯ ನೀರಾವಿಯು ಈ ಅಲೆಗಳನ್ನು ಹೀರುವುದರಿಂದ ಸ್ಥಳವು ಎತ್ತರವೂ ಶುಷ್ಕವೂ ಆಗಿರಬೇಕು. ಹೀಗಾಗಿ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5000 ಮೀಟರು ಎತ್ತರದಲ್ಲಿ, ‘ಆಲ್ಮಾ’ ಎಂಬ ಹೆಸರಿನ 66 ಬೋಗುಣಿಗಳ ಸಮೂಹವನ್ನು ಸ್ಥಾಪಿಸಿದ್ದಾರೆ.

2014ರಲ್ಲಿ ಅವುಗಳಲ್ಲಿ ಕೆಲವನ್ನು 15 ಕಿಲೋಮೀಟರುಗಳವರೆಗೆ ಹರಡಿ, ವೃಷಭರಾಶಿಯ ಎಚ್.ಎಲ್. ಟೌರಿ ಎಂಬ ನಕ್ಷತ್ರವನ್ನು ನೋಡಿದರು. ಅದರ ಸುತ್ತ ಬೆಳಕಿನ ಬಳೆಗಳೂ ನಡುನಡುವೆ ಕಪ್ಪು ಬಳೆಗಳೂ ಸ್ಪಷ್ಟವಾಗಿ ಕಂಡವು. ಬೆಳೆಯುತ್ತಿರುವ ಗ್ರಹಗಳು ತಮ್ಮ ದಾರಿಯ ಧೂಳನ್ನು ಗುಡಿಸಿದ ಗುರುತುಗಳೇ ಈ ಕಪ್ಪು ಬಳೆಗಳೆಂದು ಅನೇಕ ಶಾಸ್ತ್ರಜ್ಞರ ಅಭಿಪ್ರಾಯ. ಸುಮಾರು 450 ಜ್ಯೋತಿರ್ವರ್ಷಗಳ ದೂರದಿಂದ ಬಂದ ಆ ಅಲೆಗಳು ಹೊರಟಾಗ ಇಲ್ಲಿ ತಾಳೀಕೋಟೆಯ ಯುದ್ಧದ ಕಾಲ. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ. ಆ ನಕ್ಷತ್ರಕ್ಕೆ ಸುಮಾರು 10 ಲಕ್ಷ. ಸೂರ್ಯನನ್ನು ನಮ್ಮಂತೆ ಅರುವತ್ತರ ಮುದುಕನೆಂದು ಭಾವಿಸಿದರೆ, ಅದು ನಾಮಕರಣವೂ ಆಗದ ಐದು ದಿನದ ಕೂಸು!

ಇದರಿಂದ ಗೃಹಸ್ಥರಿಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ನಮಗೆ ತಿಳಿವಳಿಕೆ ಬರುವ ಮೊದಲೇ ನಮ್ಮ ತಾಯಿಯವರು ತೀರಿಕೊಂಡರು. ನಮ್ಮ ಶೈಶವದ ಕಥೆಯನ್ನು ಹೇಳುವವರು ಮನೆಯಲ್ಲಿ ಉಳಿಯಲಿಲ್ಲ. ಚಿಕ್ಕಮ್ಮನ ಕೂಸುಗಳನ್ನು ತೂಗುವಾಗ, ಅವರು ಅವುಗಳಿಗೆ ಎಣ್ಣೆಯೊತ್ತುವುದನ್ನು ನೋಡುವಾಗ, ನಮ್ಮನ್ನೂ ಯಾರೋ ಹೀಗೆಯೇ ಸಾಕಿರಬೇಕೆಂದು ಅರಿತೆವು. ಆ ಅರಿವೇ ನಮಗೆ ದೊಡ್ಡ ಸಮಾಧಾನವಾಯಿತು. ಭೂಮಿಯ ಸ್ಥಿತಿಯೂ ಇಂಥದೇ. ಅದರ ಹುಟ್ಟನ್ನು ಕಂಡವರಿಲ್ಲ. ನೆರೆಮನೆಯ ತೊಟ್ಟಿಲನ್ನು ನೋಡಿಯೇ ತಿಳಿಯಬೇಕು.

ಮಾರ್ಗಶಿರದ ಸಂಜೆ ನಮ್ಮ ರಾಮಾಂಜನೇಯ ಗುಡ್ಡದ ಮೇಲೆ ನಿಂತರೆ ಪೂರ್ವದಲ್ಲಿ ಕೆಂಬಣ್ಣದ ರೋಹಿಣಿಯು ಕಾಣುವುದು. ಆ ಕೂಸು ಬರಿಗಣ್ಣಿಗೆ ಕಾಣದಿದ್ದರೂ ಅದೇ ರಾಶಿಯಲ್ಲಿದೆ. ಹಿರಿಯರು ಮಕ್ಕಳಿಗೆ ಅವರ ತೊಟ್ಟಿಲಿನ ಕಥೆಗಳನ್ನು ತಪ್ಪದೆ ಹೇಳಲಿ. ಜೊತೆಗೆ ಆ ದಿಕ್ಕನ್ನು ತೋರಿಸಿ ಭೂಮಿಯ ತೊಟ್ಟಿಲಿನ ಕಥೆಯನ್ನೂ ಹೇಳಲಿ.